ಬಾಗಿದ ಬೆನ್ನಿನ ಚುಕ್ಕೆಗಳು

ನನ್ನ ತಂಗಿ ಬಟ್ಟೆ ರಿಪೇರಿ ಮಾಡುವವಳು. ಹರಿದ ಜೇಬು, ಕಿತ್ತ ಜಿಪ್ಪು, ಉದುರಿದ ಗುಂಡಿ, ಏನೇ ಇರಲಿ, ಅವಳ ಕೈಗೆ ಸಿಕ್ಕ ಬಟ್ಟೆಗೆ ಇನ್ನಷ್ಟು ಆಯಸ್ಸು ಬರುತ್ತದೆ. ಸೂಜಿ ನೆಲಕ್ಕೆ ಬಿದ್ದರೆ ಮಾತ್ರ ಅವಳ ಆಟ ನಡೆಯುತ್ತಿರಲಿಲ್ಲ, ಮಗಳನ್ನು ಕೂಗುತ್ತಿದ್ದಳು. ಮಗಳು ಬಾಗಿಲಲ್ಲೇ ನಿಂತು ಒಮ್ಮೆ ಕಣ್ಣಾಡಿಸಿ, ಹೊಲಿಗೆ ಯಂತ್ರದ ಕಾಲಿನ ಹಿಂದೆ ನೋಡು ಎನ್ನುತ್ತಿದ್ದಳು. ಸೂಜಿ ಅಲ್ಲೇ ಇರುತ್ತಿತ್ತು. ಅದನ್ನು ಕಂಡು ನಾನೇ ಅವಳಿಗೆ ಹದ್ದುಗಣ್ಣಿ ಎಂದು ಹೆಸರಿಟ್ಟೆ. ಮನೆಯಲ್ಲಿ, ಓಣಿಯಲ್ಲಿ ಅದೇ ಹೆಸರು ನಿಂತುಹೋಯಿತು. ಈಗ ಹಾಗೆ ಕರೆದರೆ ಅವಳು ಮುಖ ತಿರುಗಿಸುತ್ತಾಳೆ. ಅದು ಯಾಕೆ ಎಂಬುದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಓದು ಮುಗಿಸಿದ ಮೇಲೆ ಅವಳಿಗೆ ಕೆಲಸ ಕೊಡಿಸಿದ್ದೂ ಆ ಕಣ್ಣೇ. ಪೀಠೋಪಕರಣ ಮಾರುವ ಅಂಗಡಿಯ ಮೇಲೆ, ಮೂರನೇ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ. ಹಗಲಿನಲ್ಲೂ ಪರದೆ ಎಳೆದೇ ಇರುತ್ತದೆ. ಸಾಲಾಗಿ ಕಂಪ್ಯೂಟರು, ಪ್ರತಿಯೊಂದರ ಮುಂದೆ ಒಂದೊಂದು ತಲೆ. ಅಲ್ಲಿ ಏನು ಮಾಡುತ್ತಾರೆಂದು ನನಗೆ ಯಾರೂ ಪಾಠ ಹೇಳಲಿಲ್ಲ. ನಾನು ಕಬ್ಬಿಣಕ್ಕೆ ಬೆಸುಗೆ ಹಾಕುವವನು. ಆದರೂ ಅವಳನ್ನು ಕೆದಕಿ ಕೆದಕಿ ತಿಳಿದುಕೊಂಡೆ.

ಚಾಲಕನಿಲ್ಲದೆ ಓಡುವ ಕಾರಿನ ನೆತ್ತಿಯ ಮೇಲೆ ಡಬ್ಬಿಯಂಥದ್ದೊಂದು ಗಿರಗಿರ ತಿರುಗುತ್ತದೆ. ಅದಕ್ಕೆ ಲೈಡಾರ್ ಎನ್ನುತ್ತಾರೆ. ನಮ್ಮ ಕಣ್ಣಿಗೆ ಕಾಣದ ಬೆಳಕನ್ನು ಅದು ಸುತ್ತಲೂ ಎರಚುತ್ತದೆ. ಬೆಳಕು ಎಲ್ಲಿ ತಾಗಿ ಹಿಂದೆ ಬಂತೋ ಅಲ್ಲೊಂದು ಚುಕ್ಕೆ. ಗೋಡೆ, ಮರ, ಲಾರಿ, ಮನುಷ್ಯ, ಎಲ್ಲವೂ ಚುಕ್ಕೆಗಳ ರಾಶಿಯೇ. ಬಣ್ಣವಿಲ್ಲ, ಮುಖವಿಲ್ಲ. ಹಿಟ್ಟು ಚೆಲ್ಲಿದ ಹಾಗೆ ಕಾಣುವ ಈ ಚುಕ್ಕೆಗಳ ಸುತ್ತ ಒಂದು ಯಂತ್ರ ತಾನಾಗಿಯೇ ಚೌಕಟ್ಟು ಹಾಕಿ, ಇದು ಕಾರು, ಇದು ಕಂಬ, ಇದು ಮನುಷ್ಯ ಎಂದು ಹೆಸರು ಬರೆಯುತ್ತದೆ. ಮೊದಲು ಇದನ್ನೆಲ್ಲ ಜನ ಕೈಯಿಂದಲೇ ಮಾಡುತ್ತಿದ್ದರಂತೆ. ಈಗ ಯಂತ್ರ ಬರೆದದ್ದನ್ನು ನೋಡಿ ತಿದ್ದುವುದಷ್ಟೇ ಜನರ ಕೆಲಸ. ಇವರು ತಿದ್ದಿದ್ದನ್ನು ನೋಡಿ ಯಂತ್ರ ಮತ್ತೆ ಕಲಿಯುತ್ತದೆ.

ಅಲ್ಲಿ ಎರಡು ಕಟ್ಟಳೆಗಳಿದ್ದವು. ಕಾರು ಸಾಗಿದಂತೆ ಒಂದರ ಹಿಂದೊಂದು ಚಿತ್ರ ಬರುತ್ತದೆಯಲ್ಲ, ಆ ಇಡೀ ಸರಣಿಯಲ್ಲಿ ಒಂದು ವಸ್ತುವಿಗೆ ಒಂದೇ ಹೆಸರಿರಬೇಕು. ಯಂತ್ರ ಒಮ್ಮೆ ಮನುಷ್ಯ ಎಂದು, ಮರುಕ್ಷಣ ಇನ್ನೇನೋ ಎಂದು ಬರೆದರೆ ಅದಕ್ಕೆ ಹೊಯ್ದಾಟ ಎಂದು ಹೆಸರು. ಹೊಯ್ದಾಟ ಉಳಿದ ಸರಣಿ ತಪ್ಪೆಂದು ವಾಪಸ್ಸು ಬರುತ್ತದೆ. ಇನ್ನೊಂದು ಕಟ್ಟಳೆ, ಒಂದು ಚೌಕಟ್ಟಿನ ಮೇಲೆ ಇನ್ನೊಂದು ಚೌಕಟ್ಟು ಏರಬಾರದು.

ಒಂದು ದಿನ ಹದ್ದುಗಣ್ಣಿಯ ಮುಂದೆ ವಿಚಿತ್ರವಾದ ಚುಕ್ಕೆಗಳ ಗುಪ್ಪೆಯೊಂದು ಬಂತು. ಕುಳ್ಳಗೆ, ದುಂಡಗೆ, ಕೆಳಗೆ ಗಾಲಿ. ಯಂತ್ರ ಅದನ್ನು ಮನುಷ್ಯ ಎನ್ನುತ್ತಿತ್ತು, ಗಾಡಿ ಎನ್ನುತ್ತಿತ್ತು, ಮತ್ತೆ ಮನುಷ್ಯ ಎನ್ನುತ್ತಿತ್ತು. ಇವಳು ಕಣ್ಣು ಕಿರಿದು ಮಾಡಿ ನೋಡಿದಳು. ತಲೆ ಇಲ್ಲ, ಎತ್ತರವಿಲ್ಲ, ಗಾಲಿ ಮಾತ್ರ ಸ್ಪಷ್ಟ. ಯಾರೋ ರಸ್ತೆ ಬದಿಗೆ ಬಿಟ್ಟುಹೋದ ತಳ್ಳುಗಾಡಿ ಎಂದು ತೀರ್ಮಾನಿಸಿ ಇಡೀ ಸರಣಿಗೆ ಗಾಡಿ ಎಂದು ಒತ್ತಿಬಿಟ್ಟಳು. ಸರಣಿ ಪಾಸಾಯಿತು. ಅಂಥವೇ ಇನ್ನೂ ಬಂದವು. ಅವಕ್ಕೂ ಅದೇ ಹೆಸರು ಹಾಕಿದಳು, ಅಕ್ಕಪಕ್ಕದವರಿಗೂ ಹೇಳಿಕೊಟ್ಟಳು. ಕೆಲವು ವಾರಗಳಲ್ಲಿ ಯಂತ್ರ ಹೊಯ್ದಾಡುವುದನ್ನೇ ಬಿಟ್ಟು, ತಾನೇ ಗಾಡಿ ಎಂದು ಬರೆಯತೊಡಗಿತು.

ಅವರ ಸೂಪರ್‌ವೈಸರಿಗೆ ಮಾತಿಗೊಮ್ಮೆ "ಆಯ್ತಾ?" ಎನ್ನುವ ಚಾಳಿ. ಹಾಗಾಗಿ ಎಲ್ಲರೂ ಅವರನ್ನು ಆಯ್ತಾ ಸಾರ್ ಎಂದೇ ಕರೆಯುವುದು. ಆಯ್ತಾ ಸಾರ್ ಎಲ್ಲರೆದುರು ಇವಳ ಬೆನ್ನು ತಟ್ಟಿದರಂತೆ. ಆವತ್ತು ಸಂಜೆ ಬೇಕರಿಯ ಪೊಟ್ಟಣ ಹಿಡಿದುಕೊಂಡು ಬಂದಳು. ನಾನೂ ಎರಡು ತುಂಡು ಹೆಚ್ಚಿಗೆ ತಿಂದೆ.

ಇನ್ನು ನನ್ನ ತಂಗಿಯ ನಡಿಗೆಯ ಬಗ್ಗೆ ಹೇಳಬೇಕು. ಜೀವಮಾನವೆಲ್ಲ ಹೊಲಿಗೆ ಯಂತ್ರದ ಮೇಲೆ ಬಗ್ಗಿ ಬಗ್ಗಿ ಅವಳ ಬೆನ್ನು ಕೊಡೆಯ ಹಿಡಿಯ ಹಾಗೆ ಬಾಗಿದೆ. ಹೊಲಿದ ಬಟ್ಟೆಗಳನ್ನು ಗಿರಾಕಿಗಳಿಗೆ ಮುಟ್ಟಿಸಲು ಅವಳಿಗೆ ಇರುವುದು ಒಂದು ಹಳೆಯ ತಳ್ಳುಗಾಡಿ. ಮಗಳು ಎಳೆಗೂಸಾಗಿದ್ದಾಗ ಅವಳನ್ನು ಮಲಗಿಸಿ ತಳ್ಳಿದ್ದೂ ಅದರಲ್ಲೇ. ಅದರ ಗಾಲಿಗಳಿಗೆ ನಾನು ಎಷ್ಟು ಸಲ ಬೆಸುಗೆ ಹಾಕಿದ್ದೇನೋ ದೇವರಿಗೇ ಗೊತ್ತು. ತಂಗಿ ಅದರ ಹಿಡಿಯ ಮೇಲೆ ಎದೆಯೂರಿ, ತಲೆಯನ್ನು ಬಟ್ಟೆಗಂಟಿನ ಮೇಲೆ ಒರಗಿಸಿಕೊಂಡು ತಳ್ಳುತ್ತಾಳೆ. ಅವಳಿಗೆ ಕಾಣುವುದು ನೆಲ ಮತ್ತು ಎದುರಿನವರ ಪಾದ. ರಸ್ತೆ ದಾಟುವ ಮುಂಚೆ ಅಂಚಿನಲ್ಲಿ ನಿಂತು ಉಸಿರು ಎಳೆದುಕೊಳ್ಳುತ್ತಾಳೆ. ಕಲ್ಲಿನ ಹಾಗೆ ನಿಂತವಳು ಇದ್ದಕ್ಕಿದ್ದಂತೆ ಹೊರಡುತ್ತಾಳೆ. ಅತ್ತಿತ್ತ ನೋಡುವುದಿಲ್ಲ, ನೋಡಲು ಕತ್ತು ಏಳುವುದಿಲ್ಲ.

ರಜೆಯ ಒಂದು ಬೆಳಿಗ್ಗೆ ಹದ್ದುಗಣ್ಣಿ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಕೆಳಗೆ ರಸ್ತೆಯ ಅಂಚಿನಲ್ಲಿ ಅವಳ ತಾಯಿ ನಿಂತಿದ್ದಳು. ಮಾಳಿಗೆಯಿಂದ ತಲೆ ಕಾಣಲಿಲ್ಲ, ಕೈಕಾಲು ಕಾಣಲಿಲ್ಲ. ಕುಳ್ಳನೆಯ ದುಂಡು ಗುಪ್ಪೆ, ಕೆಳಗೆ ಗಾಲಿ.

ಸ್ವಲ್ಪ ಹೊತ್ತಿಗೆ ಅವಳು ನನ್ನ ಅಂಗಡಿಯ ಬಾಗಿಲಲ್ಲಿದ್ದಳು. ಕಾಲಿಗೆ ಚಪ್ಪಲಿ ಇಲ್ಲ, ಹೆಗಲ ಮೇಲೆ ಒದ್ದೆ ಟವೆಲು ಹಾಗೇ ಇದೆ.

"ಮಾವ, ಅಮ್ಮನ್ನ ನಾನು ಗಾಡಿ ಅಂತ ಬರೆದುಬಿಟ್ಟಿದೀನಿ."

ನನಗೆ ನಗು ಬಂತು. "ನಿಮ್ಮಮ್ಮ ಗಾಡಿನೇ ಕಣೇ. ಬ್ರೇಕಿಲ್ಲದ್ದು."

ಅವಳು ನಗಲಿಲ್ಲ. ತಾನು ಗಾಡಿ ಎಂದು ಒತ್ತಿದ ಗುಪ್ಪೆಗಳೆಲ್ಲ ಅಮ್ಮನ ಹಾಗೆ ಗಾಡಿಯ ಮೇಲೆ ಬಗ್ಗಿದ ಮನುಷ್ಯರಿರಬೇಕು ಎಂದು ಕೂತು ಬಿಡಿಸಿ ಹೇಳಿದಳು. ಗಾಡಿ ಎಂದರೂ ಕಾರು ಗುದ್ದುವುದಿಲ್ಲವಲ್ಲ ಎಂದು ಕೇಳಿದೆ.

"ಬೇಕಂತ ಗುದ್ದಲ್ಲ. ಆದ್ರೆ ನಿಂತಿರೋ ಗಾಡಿ ತಾನಾಗೇ ಅಡ್ಡ ಬರಲ್ಲ ಅಂತ ತಿಳ್ಕೊಳ್ಳುತ್ತೆ. ನಿಧಾನ ಮಾಡದೆ ಪಕ್ಕದಲ್ಲೇ ಹೋಗುತ್ತೆ. ಮನುಷ್ಯರಾದ್ರೆ ಯಾವಾಗ ಹೆಜ್ಜೆ ಇಡ್ತಾರೋ ಅಂತ ದೂರದಲ್ಲೇ ಕಾಯುತ್ತೆ. ಅಮ್ಮ ಹೇಗೆ ದಾಟ್ತಾಳೆ ಅಂತ ನಿಮಗೆ ಗೊತ್ತಲ್ಲ."

ನಾನು ಎದ್ದು ರಸ್ತೆಯ ಕಡೆ ನೋಡಿದೆ. ಯಾಕೆಂದರೆ ಅಂಥದ್ದೊಂದು ಬಿಳಿ ಕಾರು, ನೆತ್ತಿಯ ಮೇಲೆ ಡಬ್ಬಿ ತಿರುಗಿಸುತ್ತ, ಪರೀಕ್ಷೆಗೆಂದು ನಮ್ಮ ರಸ್ತೆಯಲ್ಲೇ ಓಡಾಡಲು ಶುರುಮಾಡಿತ್ತು. ಒಳಗೊಬ್ಬ ಚಾಲಕ ತೊಡೆಯ ಮೇಲೆ ಕೈಯಿಟ್ಟುಕೊಂಡು ಕೂತಿರುತ್ತಿದ್ದ. ಓಣಿಯವರೆಲ್ಲ ಅದನ್ನು ತಮಾಷೆ ನೋಡಿದ ಹಾಗೆ ನೋಡುತ್ತಿದ್ದೆವು. ಅವತ್ತಿನಿಂದ ಅದರ ಸದ್ದು ಕೇಳಿದರೆ ನಾನು ಬೆಸುಗೆ ನಿಲ್ಲಿಸಿ ಬಾಗಿಲಿಗೆ ಬರುತ್ತಿದ್ದೆ.

ಮಾರನೆಯ ದಿನ ಅವಳು ಆಯ್ತಾ ಸಾರ್ ಹತ್ತಿರ ಎಲ್ಲವನ್ನೂ ಒಪ್ಪಿಸಿದಳು. ಕೆಲಸ ಹೋದರೆ ಹೋಗಲಿ ಎಂದು ಗಟ್ಟಿ ಮಾಡಿಕೊಂಡೇ ಹೋಗಿದ್ದಳು. ಅವರು ಬೈಯಲಿಲ್ಲ. ಕುರ್ಚಿ ಎಳೆದು ಕೂರಿಸಿ, ಆ ಸರಣಿಗಳು ಆಗಲೇ ಕಾರಿನ ಕಂಪನಿಗೆ ಹೋಗಿಬಿಟ್ಟಿವೆ, ಯಂತ್ರ ಅವನ್ನು ನುಂಗಿ ಅರಗಿಸಿಕೊಂಡಾಗಿದೆ, ಬರೆದು ತಿಳಿಸುತ್ತೇನೆ, ಆದರೆ ಯಾವಾಗ ತಿದ್ದುತ್ತಾರೆಂದು ನನಗೂ ತಿಳಿಯದು ಎಂದರಂತೆ. ಕೊನೆಗೆ ರೂಢಿಯ ಮೇಲೆ "ಆಯ್ತಾ?" ಎಂದು, ತಾವೇ ನಾಲಿಗೆ ಕಚ್ಚಿಕೊಂಡರಂತೆ.

ತಾಯಿಗೆ ಮಾತ್ರ ಅವಳು ನಿಜ ಹೇಳಲಿಲ್ಲ. ಹೆತ್ತವಳ ಮುಂದೆ ಯಾವ ಬಾಯಲ್ಲಿ ಹೇಳುವುದು? ಕಾಲುನೋವಿನ ನೆಪ, ಬಿಸಿಲಿನ ನೆಪ ಹೇಳಿ ಮನೆಯಲ್ಲೇ ಕೂರಿಸಲು ನೋಡಿದಳು. ಆ ಕಾರಿನ ಹೆದರಿಕೆಯನ್ನೂ ಹಾಕಿದಳು. ತಂಗಿ ಬಗ್ಗುವವಳಲ್ಲ, ಬೆನ್ನಷ್ಟೇ ಬಗ್ಗಿರುವುದು.

"ನೀನು ಕಂಪ್ಯೂಟರಲ್ಲಿ ರಸ್ತೆ ನೋಡೋಳು, ನಾನು ರಸ್ತೆಯಲ್ಲೇ ರಸ್ತೆ ನೋಡೋಳು. ಆ ಕಾರು ನನಗಿಂತ ಪುಕ್ಕಲು. ನಾಯಿ ಮಲಗಿದ್ರೂ ನಿಂತ್ಕೊಳ್ಳುತ್ತೆ" ಎಂದಳು.

ಹದ್ದುಗಣ್ಣಿ ಒಂದು ದಿನ ಗಾಡಿಯನ್ನೇ ತಂದು, ರಿಪೇರಿ ಎಂದು ಇಟ್ಟುಕೊಳ್ಳಿ ಮಾವ, ಎಂದು ನನ್ನ ಅಂಗಡಿಯಲ್ಲಿ ಬಚ್ಚಿಟ್ಟಳು. ತಂಗಿ ಬಟ್ಟೆಗಂಟನ್ನು ಬೆನ್ನ ಮೇಲೆ ಹೇರಿಕೊಂಡು ಗೋಡೆ ಹಿಡಿದು ಹೊರಟಳು. ಮೂಗು ನೆಲಕ್ಕೆ ತಾಗುವುದೊಂದು ಬಾಕಿ. ನೋಡಲಾರದೆ ಗಾಡಿ ವಾಪಸ್ಸು ಕೊಟ್ಟೆ. ಆಮೇಲೆ ನನಗೊಂದು ಉಪಾಯ ಹೊಳೆಯಿತು. ಗಾಡಿಗೆ ಆಳೆತ್ತರದ ಸರಳೊಂದನ್ನು ಬೆಸೆದುಬಿಟ್ಟರೆ ಎತ್ತರ ಬರುತ್ತದಲ್ಲ? ಸರಳು ಕತ್ತರಿಸಿ ಇಟ್ಟುಕೊಂಡು ಅವಳಿಗೆ ತೋರಿಸಿದೆ.

"ಸರಳು ಹಾಕಿದ್ರೆ ಕಂಬ ಅನ್ನುತ್ತೆ, ಮಾವ" ಎಂದಳು.

ನಾನು ಸರಳನ್ನು ಮೂಲೆಗೆ ಒರಗಿಸಿದೆ. ಈಗಲೂ ಅಲ್ಲೇ ಇದೆ.

ನಮ್ಮ ಹೆದರಿಕೆ ಕಣ್ಣೆದುರೇ ಬಂದು ನಿಂತದ್ದು ಒಂದು ಮಧ್ಯಾಹ್ನ. ಅವಳು ಅರ್ಧ ದಿನ ರಜೆ ಹಾಕಿ ತಾಯಿಗೆ ಕಾವಲಿರುವ ಹಾಗೆ ನನ್ನ ಅಂಗಡಿಯ ಮುಂದೆ ಕೂತಿದ್ದಳು. ಎದುರಿನ ಔಷಧಿ ಅಂಗಡಿಯ ಹತ್ತಿರ ತಂಗಿ ಗಾಡಿ ನಿಲ್ಲಿಸಿ, ಗಂಟಿನ ಮೇಲೆ ಹಣೆಯಿಟ್ಟು ಉಸಿರು ತೆಗೆದುಕೊಳ್ಳುತ್ತಿದ್ದಳು. ತಿರುವಿನಲ್ಲಿ ಬಿಳಿ ಕಾರು ಬಂತು. ಶಾಲೆಯ ಚೀಲ ಹಾಕಿಕೊಂಡ ಹುಡುಗಿಯೊಬ್ಬಳು ಅಂಚಿನಲ್ಲಿದ್ದಳು, ಅವಳನ್ನು ಕಂಡು ಕಾರು ಮರ್ಯಾದೆಯಿಂದ ನಿಧಾನವಾಯಿತು. ಅವಳನ್ನು ದಾಟಿದ ಮೇಲೆ ಮತ್ತೆ ಓಟ ಹಿಡಿಯಿತು. ನನ್ನ ತಂಗಿ ಮುಂದೆಯೇ ನಿಂತಿದ್ದಾಳೆ. ಅದು ನಿಧಾನವಾಗಲಿಲ್ಲ.

ತಂಗಿಯ ಬೆರಳುಗಳು ಹಿಡಿಯನ್ನು ಬಿಗಿಯಾಗಿ ಹಿಡಿದವು. ಅವಳು ಹೊರಡುವ ಮುಂಚೆ ಹಾಗೇ ಹಿಡಿಯುವುದು. ನಾನು ಎದ್ದು ನಿಂತೆ. ಪಕ್ಕದಲ್ಲಿ ಕೂತಿದ್ದವಳು ಆಗಲೇ ರಸ್ತೆಯ ನಡುವೆ ಇದ್ದಳು. ಕೂಗಲಿಲ್ಲ. ಕಾರಿಗೆ ಎದುರಾಗಿ, ಎರಡೂ ಕೈಗಳನ್ನು ಮೇಲೆತ್ತಿ, ಬೆರಳ ತುದಿಯವರೆಗೂ ಎಷ್ಟು ಎತ್ತರವಾಗಲು ಸಾಧ್ಯವೋ ಅಷ್ಟು ಎತ್ತರವಾಗಿ ನಿಂತುಬಿಟ್ಟಳು.

ಕಾರು ಕಿರ್ರೆಂದು ನಿಂತಿತು. ಅದಕ್ಕೂ ಅವಳಿಗೂ ನಡುವೆ ಒಂದು ಮಂಚದಷ್ಟು ಜಾಗ ಉಳಿದಿತ್ತು. ಆ ಜಾಗದಲ್ಲಿ ನನ್ನ ತಂಗಿ ಗಾಡಿ ತಳ್ಳಿಕೊಂಡು ಬಂದಳು. ಮಗಳ ಪಾದಗಳು ಅಡ್ಡ ಸಿಕ್ಕವು.

"ಯಾರದು, ದಾರಿಗೆ ಅಡ್ಡ?" ಎಂದಳು. ಆಮೇಲೆ ಚಪ್ಪಲಿಯ ಗುರುತು ಹಿಡಿದು, "ನೀನಾ? ಇವತ್ತು ಆಫೀಸಿಲ್ವಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಈಚೆ ಬಂದುಬಿಟ್ಟಳು.

ಚಾಲಕ ಇಳಿದು ಬಂದ. ಕಾರು ತಾನೇ ನಿಂತಿತೋ ನೀನು ನಿಲ್ಲಿಸಿದೆಯೋ ಎಂದು ನಾನು ಕೇಳಿದೆ. ಕಾಲು ಬ್ರೇಕಿನ ಮೇಲಿತ್ತು, ಒತ್ತಿದೆನೋ ಇಲ್ಲವೋ ದೇವರಾಣೆಗೂ ತಿಳಿಯದು ಎಂದ. ಹದ್ದುಗಣ್ಣಿ ಇನ್ನೂ ಅಲ್ಲೇ ನಿಂತಿದ್ದಳು. ಕೈ ಇಳಿಸಿರಲಿಲ್ಲ. ಹಾಗೆಯೇ ಕೇಳಿದಳು.

"ನಿಮ್ಮ ಸ್ಕ್ರೀನ್ ಮೇಲೆ ನಮ್ಮಮ್ಮ ಏನಂತ ಕಾಣಿಸ್ತಿದ್ರು?"

ಅವನಿಗೆ ಅರ್ಥವಾಗಲಿಲ್ಲ. "ನಿಮ್ಮಮ್ಮನಾ?" ಎಂದು ನೆನಪಿಸಿಕೊಂಡ. "ನಿಮ್ಮನ್ನ ಬಿಟ್ರೆ ಇನ್ಯಾರೂ ಇರ್ಲಿಲ್ಲ. ಪಕ್ಕದಲ್ಲೊಂದು ಗಾಡಿ ನಿಂತಿತ್ತು, ಅಷ್ಟೇ."

ಆಗ ಅವಳು ಕೈ ಇಳಿಸಿದಳು. ತೋಳು ಹಿಡಿದು ನಾನೇ ಅಂಗಡಿಗೆ ಕರೆತರಬೇಕಾಯಿತು. ಹದ್ದುಗಣ್ಣಿ ಎಂಬ ಹೆಸರಿಗೆ ಅವಳು ಓಗೊಡುವುದನ್ನು ಬಿಟ್ಟದ್ದು ಆವತ್ತಿನಿಂದ.

ಚಾಲಕ ನಡೆದದ್ದನ್ನು ಮೇಲಿನವರಿಗೆ ಹೇಳಿದ. ಇತ್ತ ಆಯ್ತಾ ಸಾರ್ ಮತ್ತೆ ಬರೆದರು. ಬಿಳಿ ಕಾರು ಕೆಲವು ದಿನ ನಮ್ಮ ಕಡೆ ಬರಲಿಲ್ಲ. ಆಮೇಲೆ ಬಂತು. ಕಂಪನಿಯಿಂದ ಉತ್ತರ ಮಾತ್ರ ಬರಲಿಲ್ಲ.

ಈಗ ಆ ಮೂರನೇ ಮಹಡಿಯಲ್ಲಿ ಗಾಲಿಯಿರುವ ಕುಳ್ಳನೆಯ ಗುಪ್ಪೆ ಬಂದರೆ ಅವಳು ಚಿತ್ರದಿಂದ ಚಿತ್ರಕ್ಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಾಳೆ. ಬಗ್ಗಿದವರ ಚುಕ್ಕೆಗಳೂ ಗಾಡಿಯ ಚುಕ್ಕೆಗಳೂ ಕಲಸಿಹೋಗಿರುತ್ತವೆ. ಚೌಕಟ್ಟಿನ ಮೇಲೆ ಚೌಕಟ್ಟು ಏರುವಂತಿಲ್ಲವಾದ್ದರಿಂದ ಎರಡಕ್ಕೂ ಬೇರೆ ಬೇರೆ ಹೆಸರು ಕೊಡಲಾಗುವುದಿಲ್ಲ. ಹಾಗಾಗಿ ಎರಡನ್ನೂ ಸೇರಿಸಿ ಒಂದೇ ಚೌಕಟ್ಟು ಎಳೆದು ಮನುಷ್ಯ ಎಂದು ಬರೆಯುತ್ತಾಳೆ. ಗಾಡಿಗೂ ಆ ಮರ್ಯಾದೆ ಸಿಗಲಿ, ನಷ್ಟವೇನು ಎನ್ನುತ್ತಾಳೆ. ತಪ್ಪೆಂದು ವಾಪಸ್ಸು ಬಂದರೆ ಮತ್ತೆ ಹಾಗೇ ಬರೆದು ಕಳಿಸುತ್ತಾಳೆ. ಆಯ್ತಾ ಸಾರ್ ಅವಳ ಹಿಂದೆ ಬಂದು ನಿಂತು, ನೋಡಿ, ಮುಂದಿನ ಕುರ್ಚಿಗೆ ಹೋಗುತ್ತಾರಂತೆ. ಮೊನ್ನೆ ಯಂತ್ರ ಅಂಥ ಗುಪ್ಪೆಯೊಂದನ್ನು ಕಂಡು ಮತ್ತೆ ಹೊಯ್ದಾಡಿತು. ಗಾಡಿ ಎಂದಿತು, ಮನುಷ್ಯ ಎಂದಿತು, ಗಾಡಿ ಎಂದಿತು. ಪಕ್ಕದವರು ಕೆಲಸ ಹೆಚ್ಚಾಯಿತೆಂದು ಗೊಣಗಿದರು. ಇವಳಿಗೆ ಕಣ್ಣಲ್ಲಿ ನೀರು ಬಂತಂತೆ. ಆದರೆ ಅನುಮಾನ ಪಡುವ ಕಾರು ಅನುಮಾನ ತೀರುವ ಮುಂಚೆ ಎಷ್ಟು ದೂರ ಓಡಿರುತ್ತದೆ ಎಂದು ನಾನು ಕೇಳಿದೆ.

ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ ಅವಳು ತಾಯಿಯ ಗಾಡಿಯ ಮುಂದೆ ಎದೆ ಸೆಟೆಸಿಕೊಂಡು ನಡೆಯುತ್ತಾಳೆ. ತಂಗಿಗೆ ಅದರ ಗುಟ್ಟು ಗೊತ್ತಿಲ್ಲ, ಮಗಳು ನನಗೆ ಮೆರವಣಿಗೆ ಮಾಡಿಸುತ್ತಾಳೆ ಎಂದು ಗಿರಾಕಿಗಳ ಮುಂದೆ ಹೇಳಿಕೊಂಡು ನಗುತ್ತಾಳೆ. ಮಧ್ಯಾಹ್ನದ ಪಾಳಿ ನನ್ನದು. ಅಂಗಡಿಗೆ ಅಡ್ಡಹಲಗೆ ಹಾಕಿ ಹೋಗಿ, ಅವಳ ಮುಂದೆ ನಿಲ್ಲುತ್ತೇನೆ. ನಮ್ಮ ಮನೆತನದಲ್ಲಿ ಎತ್ತರದ ಆಳೆಂದರೆ ನಾನೇ.

ತಿರುವಿನಲ್ಲಿ ಬಿಳಿ ಕಾರು ಕಂಡರೆ ಆದಷ್ಟೂ ನೆಟ್ಟಗೆ ನಿಂತು ಎರಡೂ ಕೈ ಮೇಲೆತ್ತುತ್ತೇನೆ. ನಿನ್ನೆ ಔಷಧಿ ಅಂಗಡಿಯ ಗಾಜಿನಲ್ಲಿ ನನ್ನ ಪ್ರತಿಬಿಂಬ ಕಂಡಿತು. ನೆಟ್ಟಗೆ ನಿಂತಿದ್ದೇನೆ ಎಂದುಕೊಂಡಿದ್ದೆ. ನನ್ನ ಬೆನ್ನೂ ಬಾಗತೊಡಗಿದೆ.