ರಟ್ಟೆಗೆ ಕಟ್ಟಿದ ಲಿಂಗ

ಉಮರ್ಗಾದ ಅಡತಿ ವ್ಯಾಪಾರಿ ವೈಜನಾಥನ ಮಗಳು ಮಯೂರಿಯ ಭುಜದ ಅಗಲ ಮನೆಯವರಿಗಿಂತ ಊರಿನವರಿಗೇ ಹೆಚ್ಚು ತಲೆಬಿಸಿಯಾಗಿತ್ತು. ಹೆಣ್ಣು ನೋಡಲು ಬಂದವರು ಪೋಹೆ ತಿಂದು, ಚಹಾ ಕುಡಿದು, ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, "ಹೇಳಿ ಕಳಸ್ತೀವ್ರಿ" ಎಂದು ಎದ್ದರೆ ಮತ್ತೆ ಇತ್ತ ತಲೆ ಹಾಕುತ್ತಿರಲಿಲ್ಲ. ಹೋದರೆ ಹೋಗಲಿ! ಆ ಭುಜಕ್ಕೆ ತಕ್ಕ ಕೆಲಸ ನಿಲಂಗಾದ ಮೈದಾನದಲ್ಲಿ ಕಾದಿತ್ತು.

ಅಲ್ಲಿ ರಗ್ಬಿ ಕಲಿಸುತ್ತಿದ್ದ ಅಮರನಾಥ ಸರ್ ಮೊದಲು ಕುಸ್ತಿ ಆಡಿದವರು. ಮಯೂರಿಯನ್ನು ಕಂಡ ದಿನವೇ ಅವಳನ್ನು ಸ್ಕ್ರಮ್‌ನ ಮುಂದಿನ ಸಾಲಿಗೆ ಹಾಕಿದರು. ಸ್ಕ್ರಮ್ ಎಂದರೆ ಎರಡೂ ತಂಡದ ಗಟ್ಟಿಗರು ತಲೆ ತಗ್ಗಿಸಿ, ಹೆಗಲಿಗೆ ಹೆಗಲು ಕೊಟ್ಟು, ನಡುವಿನ ಚೆಂಡಿಗಾಗಿ ನೂಕಾಡುವುದು. ಮುಂದಿನ ಸಾಲಿನಲ್ಲಿ ಮೂವರು. ನಡುವಿನವಳ ಎರಡೂ ತೋಳು ಪಕ್ಕದವರ ಹೆಗಲ ಮೇಲಿರುವುದರಿಂದ ಬೀಳುವಾಗ ನೆಲಕ್ಕೆ ಊರಲು ಅವಳಿಗೆ ಕೈಯೇ ಇರುವುದಿಲ್ಲ. ಅವಳನ್ನು ಬೀಳದಂತೆ ಹಿಡಿಯುವುದು ಪಕ್ಕದವರ ಜವಾಬ್ದಾರಿ. ಬಲಕ್ಕೆ ಮಯೂರಿ, ನಡುವೆ ಯೆಣೆಗೂರಿನ ಒಕ್ಕಲಿನ ಮನೆಯ ಮನೀಷಾ. ಹೀಗೆ ನಾಲ್ಕು ವರ್ಷ, ಒಬ್ಬಳ ಕಿವಿ ಇನ್ನೊಬ್ಬಳ ಕಿವಿಗೆ ತಾಗಿಕೊಂಡು.

ಮಯೂರಿಯ ಕೊರಳಲ್ಲಿ ಲಿಂಗವಿತ್ತು. ಅಜ್ಜಿ ಕುಸುಮಬಾಯಿ ಆಟಕ್ಕೆ ಒಪ್ಪಿದ್ದೇ ಅದನ್ನು ಮೈಮೇಲಿಂದ ಇಳಿಸಬಾರದೆಂಬ ಮಾತಿನ ಮೇಲೆ. ಉದಗೀರದ ಮೊದಲ ಪಂದ್ಯದಲ್ಲಿ ರೆಫರಿ, ಕೊರಳಲ್ಲಿ ಏನೂ ಇರಕೂಡದು ಎಂದರು. ಮಯೂರಿ ಸಪ್ಪೆ ಮುಖ ಮಾಡಿಕೊಂಡು ಹೊರಬಂದಳು. ಮನೀಷಾ ಅವಳನ್ನು ಗೋಡೆಯ ಮರೆಗೆ ಎಳೆದುಕೊಂಡು ಹೋದಳು.

"ರಟ್ಟಿಗಿ ಕಟ್ಟು. ಮ್ಯಾಲ ನಾ ಪಟ್ಟಿ ಸುತ್ತತೀನಿ. ಎಲ್ಲಾರೂ ಸುತ್ಕೊಂಡಾರ, ಯಾರ ಕೇಳ್ತಾರ?"

"ಮತ್ತ ನಿಂದು?"

"ನಂದು ದೇವರ ಮನ್ಯಾಗ ಆರಾಮ ಮಲಗ್ಯದ. ನೀ ಸುಮ್ನ ಕೈ ಎತ್ತು."

ಅಂದಿನಿಂದ ಪ್ರತಿ ಪಂದ್ಯಕ್ಕೂ ಮಯೂರಿಯ ಎಡ ರಟ್ಟೆಗೆ ಪಟ್ಟಿ ಸುತ್ತುವವಳು ಮನೀಷಾಳೇ. ಈ ಗುಟ್ಟು ಅಮರನಾಥ ಸರ್‌ಗೂ ಗೊತ್ತಿರಲಿಲ್ಲ.

ರಾಷ್ಟ್ರೀಯ ಶಿಬಿರಕ್ಕೆ ಇಬ್ಬರಿಗೂ ಕರೆ ಬಂತು. ಅಲ್ಲಿ ಮುಂದಿನ ಸಾಲಿಗೆಂದೇ ಹುಡುಗಿಯರನ್ನು ಬೇರೆ ಮಾಡಿ ತಯಾರು ಮಾಡುತ್ತಿದ್ದರು. ನಡುವಿನ ಜಾಗಕ್ಕೆ ಅನುಭವಸ್ಥರಿದ್ದರು. ಹೀಗಾಗಿ ತರಬೇತುದಾರ್ತಿ ಮನೀಷಾಳಿಗೂ ಬಲಬದಿಯನ್ನೇ ಕಲಿಯಲು ಹೇಳಿದರು. ಆ ಬದಿಗೆ ಖಾಲಿಯಿದ್ದದ್ದು ಒಂದೇ ಜಾಗ. ಮಯೂರಿ ಅದಕ್ಕೂ ಮುಖ ಕೆಡಿಸಿಕೊಳ್ಳಲಿಲ್ಲ. ಬೆನ್ನು ಹೇಗೆ ಮಟ್ಟಸವಾಗಿಡಬೇಕು, ಎದುರಿನವಳು ಕೆಳಕ್ಕೆ ಒತ್ತಿದಾಗ ಪಾದ ಎಲ್ಲಿ ಊರಬೇಕು, ಎಲ್ಲವನ್ನೂ ತಾನೇ ಕೂತು ಹೇಳಿಕೊಟ್ಟಳು. "ಇಬ್ಬರಾಗ ಯಾರು ಹೋದ್ರೂ ನಮ್ಮ ತಾಲೂಕೇ ಹೋದಂಗ" ಎಂದಳು. ಎಂಥ ಹುಚ್ಚು ಹುಡುಗಿ!

ಕೊನೆಯ ಆಯ್ಕೆ ಪಂದ್ಯದ ಬೆಳಿಗ್ಗೆ ಎಲ್ಲರೂ ಪಟ್ಟಿ ಸುತ್ತಿಕೊಂಡು ಸಾಲಾಗಿ ನಿಂತಿದ್ದರು. ತರಬೇತುದಾರ್ತಿ ಬಂದವರು ಯಾರತ್ತಲೂ ನೋಡದೆ ನೇರವಾಗಿ ಮಯೂರಿಯ ಮುಂದೆ ನಿಂತು, ಎಡ ರಟ್ಟೆಯ ಮೇಲೆ ಹೆಬ್ಬೆರಳು ಒತ್ತಿದರು. "ಪಟ್ಟಿ ಬಿಚ್ಚು" ಎಂದರು ಹಿಂದಿಯಲ್ಲಿ. ವಸ್ತ್ರದಲ್ಲಿ ಸುತ್ತಿದ ಲಿಂಗ ಹೊರಬಂತು. ಅವರು ಅದನ್ನು ಮುಟ್ಟಲಿಲ್ಲ, ಜೋರುಮಾತನ್ನೂ ಆಡಲಿಲ್ಲ.

"ದೇವರ ಬಗ್ಗೆ ನನ್ನ ತಕರಾರಿಲ್ಲ, ಬಚ್ಚಿಟ್ಟದ್ದರ ಬಗ್ಗೆ ಇದೆ. ನಡುವಿನವಳ ಕುತ್ತಿಗೆ ಇದೇ ತೋಳಿನ ಕೆಳಗಿರುತ್ತದೆ. ಅವಳಿಗೆ ಏನಾದರೂ ಆಗಿದ್ದರೆ?"

ಮಾತು ನಿಜವಾಗಿತ್ತು. ಈಗಲೇ ತೆಗೆದಿಡುತ್ತೇನೆ, ಅಜ್ಜಿಗೆ ನಾನೇ ಹೇಳಿಕೊಳ್ಳುತ್ತೇನೆ ಎಂದು ಮಯೂರಿ ಅಂಗಲಾಚಿದಳು. ಏನನ್ನೂ ಮುಚ್ಚಿಟ್ಟು ಆಡಬಾರದೆಂದು ತರಬೇತುದಾರ್ತಿ ಮೊದಲ ದಿನವೇ ಹೇಳಿದ್ದರು, ಇನ್ನೇನೂ ಮಾಡುವಂತಿರಲಿಲ್ಲ. ಶಿಬಿರದಿಂದ ಹೊರಗೆ. ತಿರುಗಿ ನೋಡಿದರೆ ಮನೀಷಾ ಬಗ್ಗಿಕೊಂಡು, ಕಟ್ಟಿಯೇ ಇದ್ದ ಬೂಟಿನ ಲೇಸನ್ನು ಮತ್ತೆ ಕಟ್ಟುತ್ತಿದ್ದಳು. ಅಷ್ಟು ಕಂಡದ್ದೇ ಸಾಕಾಯಿತು. ಇಂಡಿಯಾದ ಜರ್ಸಿ ತಪ್ಪಿದ ನೋವು ಆಮೇಲೆ ಬಂತು.

ಮನೆಯಲ್ಲಿ ಮಂಡಿನೋವೆಂದು ಸುಳ್ಳು ಹೇಳಿದಳು. ನಿಜ ಹೇಳಿದರೆ ಕುಸುಮಬಾಯಿ ತನ್ನಿಂದಲೇ ಹೀಗಾಯಿತೆಂದು ಕೊರಗುತ್ತಾಳೆ, ಅದೊಂದು ಬೇರೆ. ಜರ್ಸಿ ಮನೀಷಾಳ ಪಾಲಾಯಿತು. ಅವಳು ಊರಿಗೆ ಮರಳಿದಾಗ ಉಮರ್ಗಾದ ಬಸ್ ಸ್ಟ್ಯಾಂಡಿನಲ್ಲಿ ಹಾರ, ಗುಲಾಲು, ಹಲಗೆಯ ಬಡಿತ. ಸನ್ಮಾನ ಮುಗಿಸಿಕೊಂಡು ಅವಳು ನೆಟ್ಟಗೆ ಮಯೂರಿಯ ಮನೆಗೇ ಬಂದಳು. ಎಂಥ ಧೈರ್ಯ ನೋಡಿ! ಕುಸುಮಬಾಯಿ ದೃಷ್ಟಿ ತೆಗೆದು, ಪೇಢೆ ಕೊಟ್ಟು, ಅಡುಗೆಗೆಂದು ಒಳಗೆ ಹೋದಳು. ಪಡಸಾಲೆಯಲ್ಲಿ ಇಬ್ಬರೇ ಉಳಿದರು.

"ಸಿಟ್ಟಾಗಿಯೇನು?" ಎಂದಳು ಮನೀಷಾ.

"ನೀನೇ ಹೇಳಿದೇನು?"

"ಹೂಂ. ನಿನ್ನ ಚಲೋಕ್ಕೇ ಹೇಳಿದೆ, ಮಯೂರಿ. ನಡುವಿನ ಹುಡುಗಿ ಕುತ್ತಿಗಿಗಿ ಏನರೆ ಚುಚ್ಚಿದ್ರ, ಆ ಪಾಪ ನಿನಗೇ ಹತ್ತತಿತ್ತು."

ಮಯೂರಿ ಅವಳ ಮುಖವನ್ನೇ ನೋಡಿದಳು.

"ನಾಕ ವರ್ಷ ಆ ಕುತ್ತಿಗಿ ನಿಂದೇ ಇತ್ತಲ್ಲ. ಒಂದ್ ದಿನಾನೂ ಚುಚ್ಚಲಿಲ್ಲೇನು?"

ಅಷ್ಟರಲ್ಲಿ ಒಳಗಿನಿಂದ ಕುಸುಮಬಾಯಿಯ ದನಿ ಕೇಳಿತು: "ಮನೀಷಾ, ಊಟ ಮಾಡ್ಕೊಂಡೇ ಹೋಗವ್ವಾ, ರೊಟ್ಟಿ ಬಡೀಲಿಕತ್ತೀನಿ."

"ಬ್ಯಾಡ ಆಯಿ, ಆಕಿ ಹೊಂಟಾಳ" ಎಂದು ಮಯೂರಿಯೇ ಉತ್ತರ ಕೊಟ್ಟಳು.