ಹುತ್ತರಿಗೆ ಕಾದ ಚಿತ್ರ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಮ್ಮಂಥ ಮಕ್ಕಳಿಗೆ ಬಣ್ಣದ ಚಿತ್ರವೆಂದರೆ ಅಂಗಡಿಯ ಕ್ಯಾಲೆಂಡರ್, ಅಷ್ಟೆ. ಆಗ ಸುಂಟಿಕೊಪ್ಪದ ನಮ್ಮ ಶಿಶುವಿಹಾರಕ್ಕೆ ಮಡಿಕೇರಿಯ ಕಚೇರಿಯಿಂದ ಬಸ್ಸಿನ ಮೇಲೆ ಒಂದು ದೊಡ್ಡ ಚಿತ್ರ ಬಂತು. ಬಾಗಿಲಿನಷ್ಟು ಅಗಲವಿತ್ತೆಂದು ನನ್ನ ನೆನಪು. ನೆನಪನ್ನು ಸುಲಭಕ್ಕೆ ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಐದು ವರ್ಷದವನಿಗೆ ಏನು ತಾನೆ ಬಾಗಿಲಿನಷ್ಟು ಕಾಣುವುದಿಲ್ಲ?

ಹಳದಿ ಗದ್ದೆ, ನೀಲಿ ಬೆಟ್ಟ, ಕೆಂಪು ಹೆಂಚಿನ ಮನೆ. ಒಬ್ಬ ಹೆಂಗಸು ಬತ್ತದ ಕದಿರು ಹೊತ್ತು ಆ ಮನೆಯ ಹೊಸಿಲು ದಾಟುತ್ತಿದ್ದಳು. ಎಣ್ಣೆಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ.

ಮಕ್ಕಳಿಗೆ ಹಾಲಿನ ಪುಡಿ ಕದಡಿ, ಉಪ್ಪಿಟ್ಟು ಮಾಡಿ ಬಡಿಸುತ್ತಿದ್ದವಳು ನನ್ನ ಅಜ್ಜಿ. ಸೌಟು ಹಿಡಿದೇ ಬಂದು ಬಾಗಿಲಿಗೆ ಅಡ್ಡ ನಿಂತಳು.

"ಇದು ಒಳಗೆ ಬರೋ ಹಾಗಿಲ್ಲ ಟೀಚರೇ. ಹುತ್ತರಿ ಆಗಿಲ್ಲ."

ನಮ್ಮ ಸುಗ್ಗಿಹಬ್ಬವಾದ ಹುತ್ತರಿಯ ದಿನ ಗೊತ್ತುಮಾಡಿದ ಹೊತ್ತಿಗೆ ಕದಿರು ಕೊಯ್ದು ತರುವವರೆಗೆ ಹೊಸ ಬತ್ತದ ಒಂದು ತೆನೆಯೂ ನಮ್ಮಲ್ಲಿ ಒಳಗೆ ಬರಬಾರದು. ಮೈಸೂರು ಕಡೆಯ ಟೀಚರಿಗೆ ಇದು ಗೊತ್ತಿರಲಿಲ್ಲ.

"ಇದು ಬರೀ ಬಣ್ಣ ಅಜ್ಜಿ, ಬತ್ತ ಅಲ್ಲ."

"ಗೋಡೆ ಮೇಲಿರೋ ದೇವರೂ ಬಣ್ಣವೇ. ದಿನಾ ಕೈ ಮುಗೀತೀರಲ್ಲ?"

"ಗೋಡೆ ಕಡೆ ಮುಖ ಮಾಡಿ ಇಡ್ಲಾ?"

"ಬೆನ್ನು ತಿರುಗಿಸಿ ಬಂದ ನೆಂಟ ನೆಂಟ ಅಲ್ವಾ?"

ಟೀಚರ ಮುಖ ಕೆಂಪಾಯಿತು. "ಹಾಗಾದ್ರೆ ನಾಳೆ ಬಸ್ಸಿಗೆ ಹಾಕಿ ವಾಪಸ್ ಕಳಿಸ್ತೀನಿ. ಇಲ್ಲಿ ಏನಿರಬೇಕು, ಯಾರಿರಬೇಕು ಅಂತ ಮಡಿಕೇರಿಯವರೇ ಹೇಳ್ಲಿ."

'ಯಾರು' ಎಂದದ್ದು ನನಗೂ ಅರ್ಥವಾಯಿತು. ನನಗೆ ಚಿತ್ರವೂ ಬೇಕಿತ್ತು, ಅಜ್ಜಿಯೂ ಅಲ್ಲೇ ಇರಬೇಕಿತ್ತು. ಅಂದು ಉಪ್ಪಿಟ್ಟನ್ನು ತಟ್ಟೆಯಲ್ಲೇ ಬಿಟ್ಟೆ.

ಮರುದಿನ ಓಡಿಹೋಗಿ ನೋಡಿದರೆ ಟೀಚರು ಜಗಲಿಯಲ್ಲಿ ಸ್ಟೂಲು ಹತ್ತಿ ಚಿತ್ರಕ್ಕೆ ಹಗ್ಗ ಬಿಗಿಯುತ್ತಿದ್ದಾರೆ. ಸ್ಟೂಲು ಹಿಡಿದುಕೊಂಡವಳು ಅಜ್ಜಿ.

"ಜಗಲಿ ಆಗ್ಬಹುದು ತಾನೆ?"

"ಜಗಲಿ ಹೊರಗೇ ಅಲ್ವಾ. ಬೀಳ್ಬೇಡಿ ಮಾರಾಯ್ತಿ, ಹುತ್ತರಿ ಊಟಕ್ಕೆ ನಮ್ಮನೆಗೆ ಬರ್ಬೇಕು ನೀವು."

ಆವತ್ತು ನಾನು ಉಪ್ಪಿಟ್ಟನ್ನು ಮತ್ತೆ ಮತ್ತೆ ಹಾಕಿಸಿಕೊಂಡೆ.

ಹುತ್ತರಿ ಕಳೆದ ಬೆಳಿಗ್ಗೆ ನಾವೆಲ್ಲ ಚಿತ್ರದ ಸುತ್ತ ಕೈಹಚ್ಚಿ, ಮನೆಗೆ ಕದಿರು ತರುವಾಗ ಬೆಳೆ ಹೆಚ್ಚಲಿ ದೇವರೇ ಎಂದು ದೊಡ್ಡವರು ಕೂಗುವಂತೆ "ಪೊಲಿ ಪೊಲಿ ದೇವಾ" ಎಂದು ಕೂಗುತ್ತ ಒಳಗೆ ತಂದೆವು. ಟೀಚರೂ ಕೂಗಿದರೆಂದು ನನ್ನ ನೆನಪು. "ನಿನ್ನ ತಲೆ, ಅವರು ನಗ್ತಾ ನಿಂತಿದ್ರು" ಎನ್ನುತ್ತಾಳೆ ನನ್ನ ಜೊತೆಗೇ ಇದ್ದ ಅಕ್ಕ. ಇರಬಹುದು. ಅಜ್ಜಿ ಅಡ್ಡ ನಿಂತದ್ದನ್ನು ಮಾತ್ರ ಅವಳೂ ಒಪ್ಪುತ್ತಾಳೆ.

ಈಚೆಗೆ ಊರಿನ ಅಂಗನವಾಡಿಗೆ ಹೋಗಿದ್ದೆ. ಸುತ್ತಲಿನ ಗದ್ದೆಗಳಲ್ಲಿ ಮನೆಗಳು ಎದ್ದಿವೆ. ಒಳಗೆ ಗೋಡೆ ತುಂಬ ಚಿತ್ರ: ಮಾಗಿದ ಬತ್ತ, ಕೊಯ್ದ ಹೊರೆಗಳು. ಹುತ್ತರಿ ಇನ್ನೂ ದೂರವಿತ್ತು.

"ಯಾವಾಗ ಬರೆಸಿದ್ದು?" ಎಂದೆ.

"ಹೋದ ವಾರ," ಎಂದಳು ಅಲ್ಲಿ ಕೆಲಸಕ್ಕಿದ್ದ ಹುಡುಗಿ. "ಚೆನ್ನಾಗಿದೆಯಾ ಸಾರ್?"

ಚೆನ್ನಾಗಿಯೇ ಇತ್ತು. ತಡೆದು ಕೇಳಿದವರು ಯಾರೂ ಇರಲಿಲ್ಲ.