ನಾನು ಕೇಳಿದ ಒಪ್ಪಿಗೆ ಪತ್ರ

ತೊಂಬತ್ತರ ದಶಕದ ಕೊನೆಯಲ್ಲಿ ಶಿರಸಿಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಹಾವೇರಿ ಕಡೆಯ ನರ್ಸ್ ಒಬ್ಬಳು ಬಾಡಿಗೆಗಿದ್ದಳು. ಒಂದು ಭಾನುವಾರ ಕೆಳಗಿಳಿದು ಬಂದು, "ಸರ್, ನನ್ನ ಗೆಳತಿ ಬಂದಾಳ್ರಿ. ನನ್ನ ಜೋಡಿ ಇರ್ಲೇನ್ರಿ?" ಎಂದು ಕೇಳಿದಳು. ಗೆಳತಿ ಹಿಂದೆಯೇ ನಿಂತಿದ್ದಳು. ಕೈಯಲ್ಲಿ ಬಟ್ಟೆ ಅಂಗಡಿಯ ಒಂದು ಚೀಲ ಬಿಟ್ಟರೆ ಬೇರೆ ಸಾಮಾನಿರಲಿಲ್ಲ.

ನನಗೆ ಅಡ್ಡಿಯಿರಲಿಲ್ಲ. ಆದರೆ ಒಳಗಿನಿಂದ ಹೆಂಡತಿ, "ಅವ್ಳ ಮನೆಯವ್ಕೆ ಗೊತ್ತಿದ್ದ ಇಲ್ಯ ಕೇಳಿ. ನಾಳೆ ಎಂತಾರೂ ಆದ್ರೆ ಯಾರು ಉತ್ರ ಕೊಡ್ತ?" ಎಂದಳು. ಅದೂ ಸರಿ ಅನ್ನಿಸಿತು. ಮನೆಯ ಹಿರಿಯರಿಂದ ಒಪ್ಪಿಗೆ ಪತ್ರ ತರಿಸಿಕೊಡಿ, ಅಲ್ಲಿಯವರೆಗೆ ಇರಲಿ ಎಂದೆ.

"ಪತ್ರ ಬ್ಯಾಡ್ರಿ ಸರ್," ಎಂದು ನರ್ಸ್ ಅಂಗಲಾಚಿದಳು. ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪತ್ರವಿಲ್ಲದೆ ಆಗುವುದಿಲ್ಲ ಎಂದುಬಿಟ್ಟೆ. ಹೋಗಲು ಬೇರೆ ಜಾಗವಿಲ್ಲದ ಗೆಳತಿ ಕೊನೆಗೆ ತನ್ನ ಅಣ್ಣನಿಗೆ ಬರೆದಳು.

ವಾರದೊಳಗೆ ಅಣ್ಣ ತಾನೇ ಬಂದ. ಜೊತೆಗೆ ಅವಳ ಗಂಡನನ್ನೂ ಕರೆತಂದಿದ್ದ. ಗಂಡ ನನಗೆ ಕೈಮುಗಿದು, "ನಿಮ್ಮಿಂದ ನಮ್ಮನಿ ಮರ್ಯಾದಿ ಉಳೀತ್ರಿ," ಎಂದ. ಅವನ ದನಿ ಕೇಳಿದ್ದೇ, ಮೆಟ್ಟಿಲ ಮೇಲಿದ್ದ ಆಕೆ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಮೊಣಕೈವರೆಗೂ ಸುಟ್ಟ ಗಾಯವಿದ್ದದ್ದನ್ನು ನಾನು ಕಂಡದ್ದು ಆಗಲೇ. "ಎರಡು ದಿನ ಇಲ್ಲೇ ಇರಲಿ," ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳೂ ನನ್ನತ್ತ ನೋಡದೆ ಅವರ ಹಿಂದೆ ಹೋದಳು.

ತಿಂಗಳ ಕೊನೆಗೆ ನರ್ಸ್ ಕೋಣೆ ಖಾಲಿ ಮಾಡಿದಳು. ಕೀಲಿಕೈ ಕೊಡಲು ಬಂದಾಗ, ಆಕೆ ಹೇಗಿದ್ದಾಳೆ ಎಂದು ಕೇಳಿದೆ.

"ಗೊತ್ತಿಲ್ರಿ," ಎಂದಳು. ಆಮೇಲೆ ನನಗೂ ತಿಳಿಯಲಿಲ್ಲ.